ಹಳೆ ಟಿವಿ ಸ್ಟ್ಯಾಂಡಿನಲ್ಲಿ ಗೌರಿಯ ಗೂಡು: ನಮ್ಮೂರಿನ ಆಚಾರ್ರ ಕೆಲಸ ಹೇಗಿದೆ?

ಮೊದಲ ದಿನ ಬಂದ ಮರಗೆಲಸದ ಆಚಾರ್ರು ಟಿವಿ ಸ್ಟ್ಯಾಂಡಿನ ಕಡೆ ತಿರುಗಿಯೂ ನೋಡಲಿಲ್ಲ. "ಬೆಕ್ಕು ಎಲ್ಲಿ ಟೀಚರೇ?" ಅಂತ ಕೇಳಿದರು.

ಗೌರಿ ಊಟ ಮುಗಿಸಿ ನಡುಮನೆಯ ಕೆಂಪು ನೆಲದ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದಳು. "ಒಂದು ಸೀಮೆಸುಣ್ಣ ಕೊಡಿ" ಅಂದರು. 31 ವರ್ಷ ಪಾಠ ಮಾಡಿದವಳ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಕೊಟ್ಟೆ. ಅವರು ಕುಕ್ಕರುಗಾಲಲ್ಲಿ ಕೂತು, ಮಲಗಿದ ಬೆಕ್ಕಿನ ಸುತ್ತ ಎರಡು ಬೆರಳಿನಷ್ಟು ಜಾಗ ಬಿಟ್ಟು, ಮೆಲ್ಲಗೆ ಗೆರೆ ಎಳೆದರು. ಗೌರಿ ಒಂದು ಕಿವಿ ಅಲ್ಲಾಡಿಸಿದಳು, ಅಷ್ಟೆ. ಅವಳು ಎದ್ದು ಹೋದ ಮೇಲೆ ಆ ಸುತ್ತಿಗೆ ಟೇಪು ಹಿಡಿದರು. 14 ಇಂಚು. ಆಮೇಲೆ ಅವಳು ಕಿಟಕಿ ಹತ್ತಿರ ಕೂತಾಗ ಕಿವಿಯ ತುದಿಯ ಎತ್ತರಕ್ಕೆ ಗೋಡೆ ಮೇಲೆ ಸಣ್ಣ ಗುರುತು ಮಾಡಿಕೊಂಡರು. 16 ಇಂಚು. "ಮರದ ಅಳತೆ ಆಮೇಲೆ ನೋಡುವ. ಮೊದಲು ಇರುವವರ ಅಳತೆ ಬೇಕಲ್ವಾ" ಅಂದರು.

ಹಳೆ ಟಿವಿ ಸ್ಟ್ಯಾಂಡನ್ನು ಬೆಕ್ಕಿನ ಗೂಡು ಮಾಡುವ ಈ ಕೆಲಸ ಚೆನ್ನಾಗಿ ಆಗುತ್ತದೆ ಅಂತ ಅವತ್ತೇ ನನಗೆ ಅನ್ನಿಸಿತು. ಎಲ್ಲವೂ ಚೆನ್ನಾಗಿಯೇ ಆಯಿತು ಅಂತ ಹೇಳಲಾರೆ. ತಡವಾಯಿತು, ಒಂದೆರಡು ಕಡೆ ಸರಿಪಡಿಸಬೇಕಾಯಿತು. ಆದರೂ ಎರಡು ಮಳೆಗಾಲ ಬಳಸಿದ ಮೇಲೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆಚಾರ್ರ ಹೆಸರು ಬರೆಯುತ್ತಿಲ್ಲ. "ಹೆಸರು ಹಾಕಬೇಡಿ, ಇರುವ ಕೆಲಸವೇ ಮುಗಿಯುತ್ತಿಲ್ಲ" ಅಂತ ಅವರೇ ಹೇಳಿದ್ದಾರೆ. ಸಾಗರದ ಸೊರಬ ರಸ್ತೆ ಕಡೆಯ ಒಂದು ಓಣಿಯಲ್ಲಿ ತಗಡಿನ ಶೆಡ್ಡು, ಒಬ್ಬ ಹುಡುಗ, ಒಂದು ಕಟಿಂಗ್ ಮಶೀನು. ಅಷ್ಟೇ ಅವರ ಅಂಗಡಿ. ನಿಮ್ಮೂರಿನಲ್ಲೂ ಇಂಥ ಒಬ್ಬ ಆಚಾರ್ರು ಇರುತ್ತಾರೆ. ಅವರ ಹತ್ತಿರ ಈ ಕೆಲಸ ಮಾಡಿಸುವಾಗ ಏನು ಕೇಳಬೇಕು, ಏನು ಬೇಡ ಅನ್ನಬೇಕು ಅಂತ ತಿಳಿಯಲಿ ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಗೌರಿ ನಮ್ಮ ಮನೆಗೆ ಬಂದಿದ್ದು 2022ರ ಗೌರಿ ಹಬ್ಬದ ದಿನ. ಬಾಗಿನದ ಮೊರ ತೊಳೆಯಲು ಹಿತ್ತಿಲಿಗೆ ಹೋಗಿದ್ದೆ. ಸೌದೆ ರಾಶಿಯ ಹಿಂದಿನಿಂದ ಸಣ್ಣ ದನಿ ಬಂತು. ಮೂರು ಬಣ್ಣದ ಮರಿ, ಪೂರ್ತಿ ನೆನೆದಿತ್ತು. ಅವತ್ತಿನಿಂದ ನಮ್ಮವಳೇ. ಈಗ ನಾಲ್ಕು ಕಿಲೋ ತೂಗುತ್ತಾಳೆ. ಆಪರೇಷನ್ನೂ ಆಗಿದೆ. ಆದರೆ ಮೊದಲಿನಿಂದಲೂ ಹೆದರುಪುಕ್ಕಲಿ. ಕುಕ್ಕರ್ ಸೀಟಿ ಹೊಡೆದರೆ ಓಡುತ್ತಾಳೆ. ಗ್ಯಾಸ್ ಸಿಲಿಂಡರಿನವನು ಬಂದರೆ ಅರ್ಧ ದಿನ ಕಾಣುವುದಿಲ್ಲ. ಅಡಗಲು ಅವಳಿಗೆ ಸಿಕ್ಕಿದ್ದ ಜಾಗ ಬೀರುವಿನ ಹಿಂದಿನ ಸಂದಿ. ಅಲ್ಲಿ ಧೂಳು, ಜೇಡರ ಬಲೆ, ಮಳೆಗಾಲದಲ್ಲಿ ಗೋಡೆಯ ತೇವ. ಅಲ್ಲಿಂದ ಹೊರಗೆ ಬಂದಾಗಲೆಲ್ಲ ಸೀನುತ್ತಿದ್ದಳು. ನೋಡಲು ಆಗುತ್ತಿರಲಿಲ್ಲ.

ನಾನು ಹುಟ್ಟಿದ ಮನೆಯಲ್ಲಿ ಬೆಕ್ಕಿಗೆ ಯಾರೂ ಜಾಗ ಮಾಡಿಕೊಟ್ಟಿರಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಬಚ್ಚಲ ಒಲೆ ಇತ್ತು. ಬೆಳಿಗ್ಗೆ ನೀರು ಕಾಯಿಸಿ ಬೆಂಕಿ ಆರಿದ ಮೇಲೆ ಬೆಕ್ಕು ಹೋಗಿ ಬೂದಿಯ ಪಕ್ಕ ಮಲಗುತ್ತಿತ್ತು. ಅಟ್ಟದಲ್ಲಿ ಹುಲ್ಲು, ಗೋಣಿಚೀಲ ಇರುತ್ತಿದ್ದವು. ಮರಿ ಹಾಕುವುದೂ ಅಲ್ಲೇ. ಈಗಿನ ನಮ್ಮ ಆರ್‌ಸಿಸಿ ಮನೆಯಲ್ಲಿ ಒಲೆ ಇಲ್ಲ, ಅಟ್ಟ ಇಲ್ಲ. ನಮಗೆ ಗುಡಿಸಲು ಸುಲಭವಾಯಿತು, ಬೆಕ್ಕಿಗೆ ಮಾತ್ರ ಒಂದು ಮೂಲೆಯೂ ಉಳಿಯಲಿಲ್ಲ.

ಬೆಚ್ಚಗಿನ ಜಾಗ ಹುಡುಕುವುದು ಬೆಕ್ಕಿನ ಸೋಮಾರಿತನ ಅಲ್ಲ. ಅದರ ಮೈಯ ಬಿಸಿ 38 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಸುತ್ತಲೂ 30ರಿಂದ 38 ಡಿಗ್ರಿ ಇದ್ದರೆ ಮಾತ್ರ ಅದು ಹೆಚ್ಚು ಶಕ್ತಿ ಖರ್ಚು ಮಾಡದೆ ಆ ಬಿಸಿ ಉಳಿಸಿಕೊಳ್ಳಬಲ್ಲದು. ಜುಲೈಯಲ್ಲಿ ನಮ್ಮ ನಡುಮನೆ 22 ಡಿಗ್ರಿಗೆ ಇಳಿದಿರುತ್ತದೆ. ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ, ಅವಳು ಏನು ಮಾಡಬೇಕು?

ಅಡಗುವ ಜಾಗದ ವಿಷಯವೂ ಹಾಗೆಯೇ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಬೆಕ್ಕುಗಳ ಆಶ್ರಯಧಾಮವೊಂದರಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳನ್ನು ಗಮನಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಸುಮಾರು ಅರ್ಧದಷ್ಟಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಇದ್ದ ಬೆಕ್ಕುಗಳು ಮೊದಲ ದಿನಗಳಲ್ಲೇ ಬೇಗ ಸಮಾಧಾನಕ್ಕೆ ಬಂದವು. ಇದನ್ನು ಮಗಳು ಓದಿ ಹೇಳಿದಾಗ ನನಗೆ ಹೊಟ್ಟೆ ಚುರ್ ಅಂದಿತು. ನಮ್ಮವಳು ಎರಡು ವರ್ಷ ಬೀರುವಿನ ಹಿಂದೆ ಕಳೆದಿದ್ದಳಲ್ಲ.

ಮೊದಲು ಆನ್‌ಲೈನಿನಲ್ಲಿ ಒಂದು ಬೆಕ್ಕಿನ ಮನೆ ತರಿಸಿದ್ದೆ. 2,799 ರೂಪಾಯಿ. ಮೇಲೆ ಮೆತ್ತನೆ ಬಟ್ಟೆ, ಒಳಗೆ ಸ್ಪಂಜು. ಬಿಚ್ಚಿದಾಗ ಬಂದ ವಾಸನೆ ವಾರವಾದರೂ ಹೋಗಲಿಲ್ಲ. ಗೌರಿ ಒಂದು ಸಲ ಮೂಸಿ ಹಿಂದೆ ಸರಿದಳು. ಜೂನ್ ಕೊನೆಗೆ ಸ್ಪಂಜಿನ ಅಡಿ ಬೂಷ್ಟು ಹಿಡಿಯಿತು. ತೊಳೆದರೆ ಒಣಗಲು ಬಿಸಿಲಿಲ್ಲ. ಮಲೆನಾಡಿನ ಮಳೆಗೆ ಸ್ಪಂಜಿನ ಮನೆ ಆಗುವುದಿಲ್ಲ. ಇದನ್ನು ದುಡ್ಡು ಕೊಟ್ಟು ಕಲಿತೆ.

ಟಿವಿ ಸ್ಟ್ಯಾಂಡು ಆಗ ನಮ್ಮ ಕಾರ್ ಶೆಡ್ಡಿನಲ್ಲಿತ್ತು. 1994ರಲ್ಲಿ ನಮ್ಮ ಮಾವ ಮಾಡಿಸಿದ್ದು. ಹಲಸಿನ ಮರ. 21 ಇಂಚಿನ ಡಬ್ಬಾ ಟಿವಿ ಕೂರುವಷ್ಟು ದೊಡ್ಡ ಖಾನೆ, ಮುಂದೆ ಎರಡು ಬಾಗಿಲು, ಕೆಳಗೆ ಒಂದು ಡ್ರಾಯರು. ಬಾಗಿಲಿಗೆ ಹಿತ್ತಾಳೆ ಬೀಗ. ಮಕ್ಕಳ ಪರೀಕ್ಷೆ ಬಂದರೆ ಮಾವ ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಇಂಥ ಸ್ಟ್ಯಾಂಡು ಇತ್ತು, ನಿಮಗೂ ನೆನಪಿರಬಹುದು. ಗೋಡೆಗೆ ನೇತುಹಾಕುವ ಟಿವಿ ಬಂದ ಮೇಲೆ ಎಲ್ಲವೂ ಶೆಡ್ಡು ಸೇರಿದವು. ಗುಜರಿಯವನು 250 ರೂಪಾಯಿ ಕೊಡುತ್ತೇನೆ ಅಂದ. ಕೊಡಲು ಮನಸ್ಸು ಬರಲಿಲ್ಲ.

ಒಂದು ದಿನ ಗೌರಿ ಅದರ ಅರೆತೆರೆದ ಬಾಗಿಲಿನ ಒಳಗೆ ಕೂತಿದ್ದಳು. ಕತ್ತಲಲ್ಲಿ ಎರಡು ಕಣ್ಣು ಮಾತ್ರ ಕಂಡವು. ಈ ಕೆಲಸ ಶುರುವಾಗಿದ್ದು ಅಲ್ಲಿಂದ.

ಆ ಪೆಟ್ಟಿಗೆ ಬೆಕ್ಕಿಗೆ ಎಷ್ಟು ಹೊಂದುತ್ತದೆ ಅಂತ ಆಚಾರ್ರು ತೋರಿಸಿದ ಮೇಲೆ ನನಗೆ ಆಶ್ಚರ್ಯವಾಯಿತು. ಟಿವಿ ಬಿಸಿಯಾಗುತ್ತದೆ ಅಂತ ಹಿಂಬದಿಯಲ್ಲಿ ಗಾಳಿಗೆ ಉದ್ದುದ್ದ ಸೀಳು ಬಿಟ್ಟಿದ್ದರು. ಟಿವಿಯ ಭಾರ ತಡೆಯಲು ಕಾಲು ದಪ್ಪ, ಬೆಕ್ಕು ಹಾರಿದರೆ ಅಲ್ಲಾಡುವುದಿಲ್ಲ. ನೆಲದಿಂದ 12 ಇಂಚು ಮೇಲಿದ್ದುದರಿಂದ ತಂಡಿ ತಟ್ಟುವುದಿಲ್ಲ. ಒಂದೇ ತೊಂದರೆ, ಜಾಗ ತೀರಾ ಜಾಸ್ತಿ. ಒಳಗೆ 28 ಇಂಚು ಅಗಲ, 20 ಇಂಚು ಆಳ. ಅಷ್ಟು ದೊಡ್ಡ ಖಾನೆಯಲ್ಲಿ ಒಂದು ಬೆಕ್ಕಿನ ಮೈ ಬಿಸಿ ನಿಲ್ಲುವುದಿಲ್ಲ. ಸೀಮೆಸುಣ್ಣದ ಅಳತೆ ಕೆಲಸಕ್ಕೆ ಬಂದಿದ್ದು ಇಲ್ಲೇ. ಮಧ್ಯೆ ಒಂದು ಹಲಗೆ ನಿಲ್ಲಿಸಿ 16 ಇಂಚು ಅಗಲದ ಮಲಗುವ ಕೋಣೆ ಮಾಡಿದರು. ಉಳಿದ ಭಾಗ ಸಣ್ಣ ಜಗಲಿಯ ಹಾಗೆ. ಎಡಬಾಗಿಲನ್ನು ಕೂರಿಸಿಬಿಟ್ಟು ಅದರಲ್ಲಿ 7 ಇಂಚಿನ ದುಂಡನೆ ಕಿಂಡಿ ಕೊರೆದರು. ಬಲಬಾಗಿಲು ನಮಗೆ, ಒಳಗೆ ಗುಡಿಸಲು.

ನಾನು ಕೇಳದೆ ಅವರೇ ಹಾಕಿದ್ದು ಎರಡನೇ ದಾರಿ. ಬಲಪಕ್ಕದಲ್ಲಿ ಇನ್ನೊಂದು ಕಿಂಡಿ. "ಎಂತಕ್ಕೆ ಎರಡು?" ಅಂದೆ. "ಒಂದೇ ಬಾಗಿಲಿದ್ದರೆ ಅದು ಗೂಡಲ್ಲ ಟೀಚರೇ, ಬೋನು. ನಾಯಿ ಬಂದು ಎದುರಿಗೆ ನಿಂತರೆ ಎಲ್ಲಿಂದ ಓಡಬೇಕು?" ಅಂದರು. ನನಗೆ ಹೊಳೆದಿರಲೇ ಇಲ್ಲ. ಆಮೇಲೆ ಬಾಗಿಲಿನ ಹಿತ್ತಾಳೆ ಬೀಗವನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದ ಮಕ್ಕಳು ಆಟಕ್ಕೆ ಅಂತ ಒಳಗೆ ಕೂಡಿಹಾಕಬಾರದಲ್ಲ. ಬೀಗ, ಕೀಲಿ ಈಗ ಕೆಳಗಿನ ಡ್ರಾಯರಿನಲ್ಲಿ ಗೌರಿಯ ಬಾಚಣಿಗೆ ಜೊತೆ ಇವೆ.

ಮಧ್ಯದ ಹಲಗೆಗೆ ಅವರ ಹತ್ತಿರ ಹಳೆ ಮನೆ ಕಿತ್ತಾಗ ಬಂದ ಹೊನ್ನೆ ಹಲಗೆ ಇತ್ತು. ಚೆಂದದ ಮರ. ಮಲಗುವ ಕೋಣೆಯ ನೆಲಕ್ಕೂ ಅದನ್ನೇ ಹಾಕಿ ಅಂತ ನಾನು ಆಸೆಪಟ್ಟೆ. ಬೇಡ ಅಂದರು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಿಗ್ಗೆ ಬಣ್ಣ ತಿರುಗಿರುತ್ತದಲ್ಲ, ಹಾಗೆ ತೇವ ತಗುಲಿದರೆ ಹಾಸಿಗೆಗೆ ಬಣ್ಣ ಬಿಡುತ್ತದೆ. ಒದ್ದೆ ಕಾಲಲ್ಲಿ ಬರುವ ಬೆಕ್ಕಿಗೆ ಅದು ಸರಿಯಲ್ಲ. ನೆಲಕ್ಕೆ ಹಲಸನ್ನೇ ಹಾಕಿದರು. ಕಡಿಮೆ ಬೆಲೆಗೆ ಸಿಗುವ ಹೊಟ್ಟಿನ ಬೋರ್ಡು ನಾನೇ ಬೇಡ ಅಂದಿದ್ದೆ. ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ನಿಧಾನವಾಗಿ ಹೊರಬರುತ್ತದೆ. ದಿನಕ್ಕೆ 12 ತಾಸಿಗಿಂತ ಹೆಚ್ಚು ಮಲಗುವ ಪ್ರಾಣಿಯನ್ನು ಅಂಥ ಡಬ್ಬಿಯೊಳಗೆ ಇಡುವುದು ಹೇಗೆ?

ನಮಗೂ ಆಚಾರ್ರಿಗೂ ಸ್ವಲ್ಪ ಮಾತು ಬೆಳೆದಿದ್ದು ಔಷಧಿಯ ವಿಷಯದಲ್ಲಿ. ಹಳೆ ಮರದ ಸಾಮಾನು ಬೆಕ್ಕಿಗೆ ಕೊಡುವವರು ದಯವಿಟ್ಟು ಇದನ್ನು ಓದಿ.

ಸ್ಟ್ಯಾಂಡಿನ ಹಿಂದಿನ ಪ್ಲೈವುಡ್ಡಿಗೆ ಕುಟ್ಟೆ ಹಿಡಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಹಿಟ್ಟು ಉದುರಿರುತ್ತಿತ್ತು. ಹಲಸಿನ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಏನೂ ಆಗಿರಲಿಲ್ಲ. ಕುಟ್ಟೆ ಹುಳಕ್ಕೆ ಬೇಕಾದ ಪಿಷ್ಟ ಇರುವುದು ಹೊರಗಿನ ಬಿಳಿ ಮರದಲ್ಲಿ. ಹಿಂದಿನ ಪ್ಲೈವುಡ್ ತೆಗೆದುಹಾಕುವುದು ಅಂತ ಇಬ್ಬರೂ ಒಪ್ಪಿದೆವು. ಆದರೆ ಆಚಾರ್ರು ರೂಢಿಯಂತೆ ಉಳಿದ ಮರಕ್ಕೆಲ್ಲ ಗೆದ್ದಲಿನ ಔಷಧಿ ಬಳಿಯಲು ಹೊರಟರು. ಡಬ್ಬಿ ತರಿಸಿ ಓದಿದೆ. ಪರ್ಮೆಥ್ರಿನ್ ಅಂತ ಇತ್ತು. ನಾಯಿಗೆ ಹಚ್ಚುವ ಚಿಗಟದ ಔಷಧಿಯಲ್ಲೂ ಇರುತ್ತದೆ ಇದು. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕು ತಡೆದುಕೊಳ್ಳುವುದಿಲ್ಲ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಒಡೆದು ಹೊರಹಾಕುವ ಶಕ್ತಿ ತೀರಾ ಕಡಿಮೆ. ಮೈ ನಡುಗಿ, ಸೆಳೆತ ಬಂದು ಸತ್ತೇ ಹೋಗಬಹುದು. ಕಾಲಿಗೆ ತಗುಲಿದ್ದನ್ನು ಅದು ನೆಕ್ಕಿಕೊಳ್ಳದೆ ಬಿಡುವುದೂ ಇಲ್ಲ.

"ಹಾಗಾದರೆ ಗೇರೆಣ್ಣೆ ಹಚ್ಚುವ, ಹಿಂದಿನವರು ಹಚ್ಚುತ್ತಿದ್ದದ್ದು" ಅಂದರು. ಗೇರು ಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆ ನಮ್ಮ ಕಡೆ ತೊಲೆ, ಪಕಾಸಿಗೆ ಹಚ್ಚುವುದು ರೂಢಿ. ಗೆದ್ದಲಿಗೆ ಒಳ್ಳೆಯದೇ. ಆದರೆ ನಮ್ಮ ಚರ್ಮಕ್ಕೆ ತಗುಲಿದರೇ ಸುಡುತ್ತದೆ. ಫಿನಾಯಿಲಿನ ಜಾತಿಯ ವಸ್ತು ಅದರಲ್ಲಿ ಇರುತ್ತದೆ. ಅಂಥವು ಬೆಕ್ಕಿಗೆ ಯಾವತ್ತೂ ಆಗುವುದಿಲ್ಲ. ಅದಕ್ಕೂ ಬೇಡ ಅಂದೆ. ಅವರಿಗೆ ಸ್ವಲ್ಪ ಬೇಸರವಾಯಿತು. "ಗೆದ್ದಲು ಹಿಡಿದರೆ ನನ್ನನ್ನು ಕೇಳಬೇಡಿ" ಅಂದರು. "ಕೇಳುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ" ಅಂದೆ. ಕೊನೆಗೆ ಕಾಲಿನ ಅಡಿ ಗ್ರಾನೈಟ್ ತುಂಡು ಇಟ್ಟು, ಗೋಡೆಯಿಂದ ಮೂರು ಬೆರಳು ದೂರ ನಿಲ್ಲಿಸಿದೆವು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅಡಿಭಾಗ ನೋಡುತ್ತೇನೆ. ಇಲ್ಲಿಯವರೆಗೆ ಮಣ್ಣಿನ ಗೆರೆ ಕಂಡಿಲ್ಲ. ನಾವು ಮೊದಲು ನೆಲ ಒರೆಸುತ್ತಿದ್ದ ಫಿನಾಯಿಲನ್ನೂ ಅವತ್ತೇ ಬಿಟ್ಟೆವು. ಬೀರುವಿನಲ್ಲಿಟ್ಟಿದ್ದ ನುಸಿಗುಳಿಗೆಯನ್ನೂ ತೆಗೆದೆ, ಅದೂ ಬೆಕ್ಕಿಗೆ ವಿಷವೇ.

ಇನ್ನೊಂದು, ಬಣ್ಣ. ಮಾವ ಒಳಭಾಗಕ್ಕೆ ಬಿಳಿ ಆಯಿಲ್ ಪೇಂಟ್ ಹೊಡೆಸಿದ್ದರು. ಆ ಕಾಲದ ಬಣ್ಣಗಳಲ್ಲಿ ಸೀಸ ಹಾಕುವುದು ಮಾಮೂಲು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. 1994ರ ಬಣ್ಣವನ್ನು ಒಣಗಿದ್ದ ಹಾಗೇ ತಿಕ್ಕಿದರೆ ಧೂಳೆಲ್ಲ ಆಚಾರ್ರ ಎದೆಗೂ ಹೋಗುತ್ತದೆ, ಗೌರಿಯ ಕಾಲಿಗೂ ಮೆತ್ತುತ್ತದೆ. ಈ ಮಾತನ್ನು ಅವರು ತಕ್ಷಣ ಒಪ್ಪಿದರು. ತಮ್ಮ ಶೆಡ್ಡಿನಲ್ಲೇ ನೀರು ಹಚ್ಚಿ ವಾಟರ್ ಪೇಪರಿನಲ್ಲಿ ತಿಕ್ಕಿದರು, ಮೂಗಿಗೆ ಮಾಸ್ಕ್ ಹಾಕಿಕೊಂಡರು, ಹುಡುಗನಿಗೂ ಹಾಕಿಸಿದರು. ಬಿಳಿ ಹೋದ ಮೇಲೆ ಒಳಗಿನಿಂದ ಹಲಸಿನ ಅರಿಶಿನ ಬಣ್ಣ ಎದ್ದು ಬಂತು. 30 ವರ್ಷ ಬೆಳಕು ಕಾಣದ ಮರ. ಹೊರಮೈ ಕಂದು ತಿರುಗಿದೆ, ಒಳಗೆ ಇನ್ನೂ ಹಳದಿ. ಆ ಬಣ್ಣ ನೋಡುವುದಕ್ಕೇ ನಾನು ಎರಡು ಸಲ ಶೆಡ್ಡಿಗೆ ಹೋಗಿದ್ದೆ.

ಹೊಳಪಿಗೆ ಫ್ರೆಂಚ್ ಪಾಲಿಶ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ತೀಡುವುದು. ಸ್ಪಿರಿಟ್ ಆರಿದ ಮೇಲೆ ಉಳಿಯುವುದು ಅರಗು ಮಾತ್ರ. ಮಾತ್ರೆಗಳ ಮೇಲಿನ ಹೊದಿಕೆಗೂ ಬಳಸುತ್ತಾರೆ ಅದನ್ನು. ಬೆಕ್ಕು ನೆಕ್ಕಿದರೂ ಭಯವಿಲ್ಲ ಅಂತ ನಾನೇ ಆರಿಸಿದ್ದು. ಆದರೆ ತಿಂಗಳು ಆರಿಸಿದ್ದು ತಪ್ಪಾಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅರಗು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಾನು ಕೆಲಸ ಕೊಟ್ಟಿದ್ದು 2024ರ ಜುಲೈ 8ಕ್ಕೆ. ಆ ಜುಲೈಯ ಮಳೆ ನಿಮಗೆ ನೆನಪಿದ್ದರೆ ಮುಂದೆ ಹೇಳಬೇಕಿಲ್ಲ. ಎರಡು ಸಲ ಮೇಲ್ಭಾಗ ಪೂರ್ತಿ ಬೆಳ್ಳಗಾಯಿತು. ಎರಡು ಸಲವೂ ಆಚಾರ್ರು ಸ್ಪಿರಿಟ್ ಹಾಕಿ ಒರೆಸಿ, ದೊಡ್ಡ ಬಲ್ಬು ಉರಿಸಿ ಆರಿಸಿ, ಮತ್ತೆ ತೀಡಿದರು. ಒಂದು ವಾರ ಅಂದಿದ್ದು 19 ದಿನವಾಯಿತು.

ತಡವಾಗಿದ್ದಕ್ಕೆ ನನಗೆ ಸಿಟ್ಟಿಲ್ಲ, ಕಾರಣ ಕಣ್ಣಿಗೆ ಕಂಡಿತ್ತು. ಹೇಳದೇ ಇದ್ದದ್ದಕ್ಕೆ ಸಿಟ್ಟಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಶೆಡ್ಡಿಗೆ ಹೋದರೆ "ನಾಳೆ ಆಗ್ತದೆ ಟೀಚರೇ". ಆ ನಾಳೆ ಐದು ಸಲ ಬಂತು. ಬಿಳಿಯಾಗಿದೆ, ಇನ್ನೂ ಹತ್ತು ದಿನ ಬೇಕು ಅಂತ ಒಂದು ಮಾತು ಹೇಳಿದ್ದರೆ ನಾನು ಕೊಡೆ ಹಿಡಿದು ಅಷ್ಟು ಸಲ ಓಡಾಡಬೇಕಿರಲಿಲ್ಲ. ಅರ್ಧ ಅಂಕ ಕಳೆದಿದ್ದು ಇದಕ್ಕೇ. ನೀವು ಮಾಡಿಸುವುದಾದರೆ ದೀಪಾವಳಿ ಕಳೆದ ಮೇಲೆ ಮಾಡಿಸಿ.

ಉಗುರು ಕೆರೆಯಲು ಪಕ್ಕದಲ್ಲೊಂದು ಕಂಬ ಬೇಕು ಅಂದಿದ್ದೆ. ಅದಕ್ಕೆ ಅವರು ಶೆಡ್ಡಿನ ಮೂಲೆಯಲ್ಲಿದ್ದ ಹಳೆ ಮಂಚದ ಕಾಲು ತೆಗೆದರು. ಕಡೆದ ಕಾಲು, 28 ಇಂಚು ಎತ್ತರ. ಗೌರಿ ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಎಳೆದರೂ ತುದಿ ಮುಟ್ಟುವುದಿಲ್ಲ, ಅಷ್ಟು ಇದ್ದರೇ ಸರಿ. ಬೆಕ್ಕು ಕೆರೆಯುವುದು ಹಟಕ್ಕಲ್ಲ. ಉಗುರಿನ ಹಳೆ ಪದರ ಕಳಚಬೇಕು, ಪಾದದ ವಾಸನೆ ಬಿಟ್ಟು ಇದು ನನ್ನ ಜಾಗ ಅನ್ನಬೇಕು. ಕಂಬಕ್ಕೆ ಮೊದಲು ತೆಂಗಿನ ನಾರಿನ ಹಗ್ಗ ಸುತ್ತಿದರು. ಎರಡೇ ದಿನಕ್ಕೆ ನಾರು ಎದ್ದು ಉದುರತೊಡಗಿತು. ಬೆಕ್ಕಿನ ನಾಲಿಗೆಯ ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ಬಾಯಿಗೆ ಹೋದ ದಾರ, ನಾರು ಉಗುಳಲು ಬಾರದೆ ಒಳಗೇ ಹೋಗುತ್ತದೆ, ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಆ ಹಗ್ಗ ತೆಗೆಸಿ 8 ಮಿಲಿಮೀಟರ್ ದಪ್ಪದ ಸೆಣಬಿನ ಹಗ್ಗ ತಂದುಕೊಟ್ಟೆ. 22 ಮೀಟರ್ ಹಿಡಿಯಿತು. ಎರಡು ತುದಿಯನ್ನೂ ಮರದಲ್ಲಿ ತೂತು ಕೊರೆದು ಒಳಗೆ ತುರುಕಿ ಫೆವಿಕಾಲ್ ಹಾಕಿದರು. ಮೊಳೆ, ಪಿನ್ನು ಒಂದೂ ಇಲ್ಲ. ಹದಿನಾಲ್ಕು ತಿಂಗಳು ಕೆರೆದಿದ್ದಾಳೆ, ಒಂದು ಸುತ್ತೂ ಸಡಿಲವಾಗಿಲ್ಲ.

ಕೆಲಸದ ಸಣ್ಣಪುಟ್ಟ ಕೊರತೆ ಎರಡು. ಬಲಬಾಗಿಲಿಗೆ ಹಾಕಿದ್ದ ಮ್ಯಾಗ್ನೆಟ್ "ಟಕ್" ಅಂತ ಜೋರಾಗಿ ಹಿಡಿಯುತ್ತಿತ್ತು. ಆ ಸದ್ದಿಗೆ ಗೌರಿ ಮೊದಲ ದಿನವೇ ಬೆಚ್ಚಿ ಓಡಿದಳು. ಮರದ ತಿರುಗಣೆ ಹಾಕಿಸಿದೆ. ಮಳೆಗಾಲದಲ್ಲಿ ಕೆಳಗಿನ ಡ್ರಾಯರು ಉಬ್ಬಿ ಎಳೆಯಲು ಬರುವುದಿಲ್ಲ. ಅದನ್ನು ಇನ್ನೂ ಕೆತ್ತಿಕೊಟ್ಟಿಲ್ಲ.

ಈಗ ಮುಖ್ಯ ಪ್ರಶ್ನೆ. ಬೆಕ್ಕು ಒಳಗೆ ಹೋಯಿತಾ?

ಒಂಬತ್ತು ದಿನ ಹೋಗಲಿಲ್ಲ. ನನ್ನದೇ ತಪ್ಪು. ಚೆಂದ ಕಾಣುತ್ತದೆ ಅಂತ ನಡುಮನೆಯ ಮಧ್ಯೆ, ಎಲ್ಲರೂ ಓಡಾಡುವಲ್ಲಿ ಇಟ್ಟಿದ್ದೆ. ಪಕ್ಕದ ಅಡುಗೆಮನೆಯಿಂದ ಮಿಕ್ಸಿ ಸದ್ದು. ಅವಳು ಬಂದು ಮೂಸುತ್ತಾಳೆ, ಕಿಂಡಿಗೆ ತಲೆ ಹಾಕುತ್ತಾಳೆ, ಮತ್ತೆ ಬೀರುವಿನ ಹಿಂದೆಯೇ ಹೋಗುತ್ತಾಳೆ. ಎತ್ತಿ ಒಳಗೆ ಬಿಡೋಣ ಅಂದರು ನಮ್ಮ ಮನೆಯವರು. ಬೇಡ ಅಂದೆ. ಬಲವಂತಕ್ಕೆ ಕೂರಿಸಿದ ಜಾಗ ಅಡಗುವ ಜಾಗ ಆಗುವುದಿಲ್ಲ.

ಹತ್ತನೇ ದಿನ ಸ್ಟ್ಯಾಂಡನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಸರಿಸಿದೆವು. ಬೆನ್ನಿಗೆ ಗೋಡೆ, ಕಿಂಡಿಯಿಂದ ನೋಡಿದರೆ ಮುಂಬಾಗಿಲೂ ಕಾಣುತ್ತದೆ, ಅಡುಗೆಮನೆಯೂ ಕಾಣುತ್ತದೆ. ಒಳಗೆ ಕಂಬಳಿಯ ತುಂಡು ಹಾಸಿ, ಅದರ ಮೇಲೆ ನಾನು ಎರಡು ದಿನ ಉಟ್ಟ ಹತ್ತಿ ಸೀರೆಯನ್ನು ಒಗೆಯದೇ ಮಡಚಿಟ್ಟೆ. ನನ್ನ ವಾಸನೆ ಇರಲಿ ಅಂತ. ಅವತ್ತು ರಾತ್ರಿ ಗುಡುಗು, ಮಳೆ, ಕರೆಂಟಿಲ್ಲ. ಬೆಳಿಗ್ಗೆ 5ಕ್ಕೆ ಎದ್ದು ಮೊದಲು ಬೀರುವಿನ ಹಿಂದೆ ನೋಡಿದೆ. ಇರಲಿಲ್ಲ. ಎದೆ ಹೊಡೆದುಕೊಂಡಿತು. ಮೆಟ್ಟಿಲ ಹತ್ತಿರ ಬಂದು ಬಗ್ಗಿದರೆ ಕಿಂಡಿಯಲ್ಲಿ ಬಿಳಿ ಪಾದವೊಂದು ಹೊರಗೆ ಚಾಚಿಕೊಂಡಿತ್ತು. ನಾನು ಕಾಫಿಗೆ ನೀರು ಇಡುವುದನ್ನೂ ಮರೆತು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕುಕ್ಕರ್ ಸೀಟಿಗೆ ಈಗಲೂ ಓಡುತ್ತಾಳೆ. ಆದರೆ ಓಡುವುದು ಅಲ್ಲಿಗೇ, ಮತ್ತು ಹತ್ತು ನಿಮಿಷಕ್ಕೆ ಹೊರಗೆ ಬರುತ್ತಾಳೆ. ದೀಪಾವಳಿ ನನಗೆ ಪ್ರತಿ ವರ್ಷ ಚಿಂತೆ. 2023ರಲ್ಲಿ ಅವಳು ಬೀರುವಿನ ಹಿಂದಿನಿಂದ ಮರುದಿನ ಮಧ್ಯಾಹ್ನದವರೆಗೆ ಬಂದಿರಲಿಲ್ಲ. ನೀರೂ ಕುಡಿದಿರಲಿಲ್ಲ. 2024ರಲ್ಲಿ ಪಟಾಕಿ ಶುರುವಾಗುವ ಮೊದಲೇ ಸ್ಟ್ಯಾಂಡಿನ ಮೇಲೆ ದಪ್ಪ ಜಮಖಾನ ಹೊದಿಸಿದೆ, ಒಂದು ಕಿಂಡಿ ಮಾತ್ರ ತೆರೆದಿಟ್ಟೆ, ಜಗಲಿಯ ಭಾಗದಲ್ಲಿ ನೀರಿನ ಬಟ್ಟಲು ಇಟ್ಟೆ. ಸಂಜೆ 6ಕ್ಕೆ ಒಳಗೆ ಹೋದವಳು ರಾತ್ರಿ 11ಕ್ಕೆ ತಾನಾಗಿ ಹೊರಗೆ ಬಂದು ಊಟ ಮಾಡಿದಳು.

ಖರ್ಚು ಹೇಳಿಬಿಡುತ್ತೇನೆ. ಎರಡೂವರೆ ದಿನದ ಕೂಲಿ 2,500. ಹಗ್ಗ 330. ಕೀಲು, ಸ್ಕ್ರೂ 140. ಪಾಲಿಶಿನ ಸಾಮಾನು 280. ಗೂಡ್ಸ್ ಆಟೋ ಹೋಗಿ ಬರಲು 300. ಒಟ್ಟು 3,550 ರೂಪಾಯಿ. ಹಲಗೆಗೂ ಮಂಚದ ಕಾಲಿಗೂ ಆಚಾರ್ರು ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ಸಲ ಹೆಚ್ಚುವರಿಯಾಗಿ ಪಾಲಿಶ್ ಮಾಡಿದ್ದಕ್ಕೂ ಕೇಳಲಿಲ್ಲ. ಆನ್‌ಲೈನಿನ ಸ್ಪಂಜಿನ ಮನೆಗಿಂತ 751 ರೂಪಾಯಿ ಜಾಸ್ತಿ. ಅದು ಒಂದು ಮಳೆಗಾಲ ಬಾಳಲಿಲ್ಲ. ಇದು 30 ವರ್ಷ ಬಾಳಿದ ಮರ.

ಕಂಬಳಿಯನ್ನು ಹದಿನೈದು ದಿನಕ್ಕೊಮ್ಮೆ ಒಗೆಯುತ್ತೇನೆ. ಎರಡು ತುಂಡು ಮಾಡಿಟ್ಟುಕೊಂಡಿರುವುದರಿಂದ ಒಂದು ಒಣಗುವವರೆಗೆ ಇನ್ನೊಂದು. ಮರವನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಅವಳು ಹೋಗಿ ಬರುವಾಗ ಕೆನ್ನೆ ಉಜ್ಜಿ ಉಜ್ಜಿ ಕಿಂಡಿಯ ಅಂಚು ಪಾಲಿಶ್‌ಗಿಂತ ಹೊಳೆಯುತ್ತಿದೆ. ಮೇಲಿನ ಹಲಗೆಯೂ ಖಾಲಿ ಇರುವುದಿಲ್ಲ. ಬಿಸಿಲು ಬಿದ್ದ ದಿನ ಅವಳು ಅಲ್ಲಿ ಕೂತು ರಸ್ತೆ ನೋಡುತ್ತಾಳೆ.

ಡ್ರಾಯರು ಕೆತ್ತಿಕೊಡುವವರೆಗೆ ಅಂತ ನಾನು 200 ರೂಪಾಯಿ ಬಾಕಿ ಇಟ್ಟುಕೊಂಡಿದ್ದೆ. ಈ ಸಲ ಗೌರಿ ಹಬ್ಬದ ಮರುವಾರ ಆಚಾರ್ರು ಬಂದರು. ಡ್ರಾಯರು ಎಳೆದು ನೋಡಿ, "ಮಳೆ ಪೂರ್ತಿ ನಿಲ್ಲಲಿ, ಈಗ ಕೆತ್ತಿದರೆ ಬೇಸಿಗೆಯಲ್ಲಿ ಸಡಿಲ ಆಗ್ತದೆ" ಅಂದರು. ಆ ಮಾತು ಸರಿ. ಆಮೇಲೆ ಚಪ್ಪಲಿ ಬಿಟ್ಟ ಕಡೆಗೆ ಹೋಗುವ ಬದಲು ಮೆಟ್ಟಿಲ ಹತ್ತಿರ ಬಂದು ಬಗ್ಗಿದರು. ಗೌರಿ ಒಳಗೆ ಸುರುಳಿ ಸುತ್ತಿ ಮಲಗಿದ್ದಳು. ಸುತ್ತಲೂ ಎರಡು ಬೆರಳಿನಷ್ಟು ಜಾಗ ಇತ್ತು. ಅವರು ತುಂಬ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ನಾನು ಆ 200 ರೂಪಾಯಿಯನ್ನು ಅವತ್ತೇ ಕೊಟ್ಟುಬಿಟ್ಟೆ.

ಗೇಟಿನವರೆಗೆ ಹೋದವರು ತಿರುಗಿ ಬಂದು ಇನ್ನೊಂದು ತುಂಡು ಸೀಮೆಸುಣ್ಣ ಕೇಳಿದರು. ಹಿಂದಿನ ಬೀದಿಯ ಮನೆಯವರೂ ಟಿವಿ ಸ್ಟ್ಯಾಂಡು ಕೊಟ್ಟಿದ್ದಾರಂತೆ. ಅವರ ಮನೆಯಲ್ಲಿ ಎರಡು ಬೆಕ್ಕಂತೆ, ಒಟ್ಟಿಗೇ ಮಲಗುತ್ತವಂತೆ.